ಕಲ್ಲಿನ ಕೆಮ್ಮು

ನಮ್ಮ ಮನೆಯಲ್ಲಿ ಕಲ್ಲಿಗೆ ಇದ್ದಷ್ಟು ಹೆಸರು ದೇವರಿಗೂ ಇರಲಿಲ್ಲ. ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ತುಸು ಒಳಗೆ, ಗುಡ್ಡದ ಬುಡಕ್ಕಿದ್ದ ಊರು ನಮ್ಮದು. ಊರಿನ ಮೂಡಣ ದಿಕ್ಕಿಗೆ ಕಲ್ಲಿನ ಖಣಿ, ಖಣಿಯ ಬಾಯಿಗೆ ಕಲ್ಲು ಒಡೆಯುವ ಖಡಿ ಮಷೀನು, ಮಷೀನಿಗೂ ಊರಿಗೂ ನಡುವೆ ನಮ್ಮ ಕೇರಿ, ಕೇರಿಯ ಕೊನೆಗೆ ನಮ್ಮ ಮನೆ. ಹಾಗಾಗಿ ಮೂಡಗಾಳಿ ಬೀಸಿದರೆ ಧೂಳು ಮೊದಲು ನಮ್ಮ ಮನೆಗೆ ಬಂದು ಆಮೇಲೆ ಉಳಿದವರ ಮನೆಗೆ ಹೋಗುತ್ತಿತ್ತು. ಮನೆ ಎಂದರೆ ಒಂದು ಪಡಸಾಲೆ, ಅದರ ಹಿಂದೆ ಅಡುಗೆಮನೆ, ಪಕ್ಕಕ್ಕೆ ಕಟ್ಟಿಗೆ ಕುಳ್ಳು ಒಟ್ಟುವ ಕತ್ತಲೆ ಕೋಣೆ, ಮುಂದೆ ಒಂದು ಕಟ್ಟೆ. ಗೋಡೆಗೆಲ್ಲ ಖಣಿಯಲ್ಲಿ ಬೇಡವೆಂದು ಒಗೆದ ಕಲ್ಲು. ಒಂದು ಕೆಂಪಗೆ, ಒಂದು ಬೂದಿ ಬಣ್ಣದ್ದು, ಮತ್ತೊಂದರ ನಡುವೆ ಸುಣ್ಣದಲ್ಲಿ ಎಳೆದಂಥ ಬಿಳಿ ಗೆರೆ. ಪಡಸಾಲೆಯ ಮಾಡದಲ್ಲಿ ಎಲ್ಲಮ್ಮನ ಪಟವಿತ್ತು, ಅದರ ಬಗಲಿಗೇ ಬುದ್ಧನ ಪಟವಿತ್ತು. ಅವ್ವ ಇಬ್ಬರಿಗೂ ಒಂದೇ ಊದಿನಕಡ್ಡಿ ಹಚ್ಚುತ್ತಿದ್ದಳು. ಹಚ್ಚುವ ಮೊದಲು ಸೆರಗಿನಿಂದ ಇಬ್ಬರ ಮುಖದ ಮೇಲಿನ ಧೂಳನ್ನೂ ಒರೆಸುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಇಬ್ಬರ ಮುಖವೂ ಮತ್ತೆ ಬೆಳ್ಳಗಾಗಿರುತ್ತಿತ್ತು.

ಅಪ್ಪನ ಹೆಸರು ದುರ್ಗಪ್ಪ. ಮಷೀನಿನ ದವಡೆಗೆ ಕಲ್ಲು ತಿನ್ನಿಸುವುದು ಅವನ ಕೆಲಸ. ಎರಡು ದಪ್ಪ ಉಕ್ಕಿನ ಹಲಗೆಗಳು ಹಲ್ಲು ಕಡಿದಂತೆ ಹತ್ತಿರ ಬಂದು ದೂರ ಸರಿಯುತ್ತವೆ; ನಡುವೆ ಸಿಕ್ಕ ಕಲ್ಲು ನುರಿಯುತ್ತದೆ. ಅದಕ್ಕೇ ದವಡೆ ಎನ್ನುತ್ತಿದ್ದರು. ಒಡೆದ ಕಲ್ಲು ರಬ್ಬರಿನ ಪಟ್ಟಾದ ಮೇಲೆ ಏರಿ ಹೋಗಿ ಜಾಳಿಗೆಯಲ್ಲಿ ಬೀಳುತ್ತಿತ್ತು, ಜಾಳಿಗೆ ಅದನ್ನು ಜರಡಿ ಹಿಡಿದು ಬೇರೆ ಬೇರೆ ರಾಶಿ ಮಾಡುತ್ತಿತ್ತು. ದೊಡ್ಡದು ನಲವತ್ತರ ಖಡಿ, ಅದಕ್ಕಿಂತ ಸಣ್ಣದು ಇಪ್ಪತ್ತರ ಖಡಿ, ಕಡಲೆಕಾಳಿನಂಥದು ಚಿಪ್ಸು, ಕೊನೆಗೆ ಉಳಿದದ್ದು ಡಸ್ಟು. ಡಸ್ಟೂ ಮಾರಾಟದ ಮಾಲೇ. ಅವ್ವ ಸತ್ಯವ್ವ ಆ ರಾಶಿಗಳಿಂದ ಬುಟ್ಟಿ ತುಂಬಿ ಲಾರಿಗೆ ಹಾಕುತ್ತಿದ್ದಳು. ಎಂ.ಕೆ. ಹುಬ್ಬಳ್ಳಿ ಕಡೆಯ ಕಬ್ಬಿನ ರಸ್ತೆಗಳಿಗೆ ನಮ್ಮೂರ ಖಡಿಯೇ ಹೋಗುತ್ತಿತ್ತು ಎಂದು ಅವಳಿಗೆ ಹೆಮ್ಮೆ. ಆ ಕಡೆ ಅವಳು ಎಂದೂ ಹೋಗಿರಲಿಲ್ಲ.

ಮನೆಯಲ್ಲಿ ನಾವು ನಾಲ್ಕೇ ಜನ. ಅಪ್ಪ, ಅವ್ವ, ನಾನು, ಮತ್ತೆ ಅಪ್ಪನ ಅಕ್ಕ ಬಾಳವ್ವ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ನಿಂತ ಬಾಳತ್ತಿಗೆ ತಮ್ಮನೆಂದರೆ ಜೀವ, ತಮ್ಮನ ಹೆಂಡತಿ ಎಂದರೆ ಅಷ್ಟಕ್ಕಷ್ಟೆ. ಸಂಜೆ ಮಷೀನು ನಿಂತಾಗ ಕಿವಿಯಲ್ಲಿ ಒಂದು ಖಾಲಿತನ ಬರುತ್ತಿತ್ತು. ಆಗ ಮನೆಯೊಳಗಿನ ಸಣ್ಣ ಸಪ್ಪಳಗಳೆಲ್ಲ, ಅವ್ವ ರೊಟ್ಟಿ ಬಡಿಯುವುದು, ಅತ್ತಿ ಬೆಳ್ಳುಳ್ಳಿ ಜಜ್ಜುವುದು, ಒಂದೊಂದಾಗಿ ಕೇಳತೊಡಗುತ್ತಿದ್ದವು. ಸ್ವಲ್ಪ ಹೊತ್ತಿಗೆ ಅಪ್ಪ ಬರುತ್ತಿದ್ದ. ಹುಬ್ಬು, ರೆಪ್ಪೆ, ಕಿವಿಯ ಸಂದು ಎಲ್ಲ ಬೆಳ್ಳಗೆ. ಅಂಗಳದಲ್ಲಿ ನಿಂತು ತಲೆಯ ಮೇಲಿಂದ ನೀರು ಸುರಿದುಕೊಂಡರೆ ಕಾಲಬುಡದಲ್ಲಿ ಹಾಲಿನಂಥ ನೀರು ಹರಿಯುತ್ತಿತ್ತು. ಆಮೇಲೆ ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಬೆಲ್ಲ ತಿಂದರೆ ಎದೆಯೊಳಗಿನ ಧೂಳು ಇಳಿಯುತ್ತದೆ ಎಂದು ಮಷೀನಿನವರೆಲ್ಲರ ನಂಬಿಕೆ.

ಊಟಕ್ಕೆ ನನ್ನದೂ ಅವನದೂ ಒಂದೇ ಗಂಗಾಳ. ನಾನು ಹುಟ್ಟಿ ಅನ್ನ ಉಣ್ಣಲು ಕಲಿತಾಗಿನಿಂದ ಹಾಗೆಯೇ. ಆ ಕಡೆ ಅವನು, ಈ ಕಡೆ ನಾನು, ನಡುವೆ ಜೋಳದ ರೊಟ್ಟಿ, ಝುಣಕ, ಪುಂಡಿಪಲ್ಯ. ರೊಟ್ಟಿ ಮುರಿಯುತ್ತಲೇ ಅವನು ಕಲ್ಲಿನ ಪಾಠ ಶುರು ಮಾಡುತ್ತಿದ್ದ. ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವನು. ಆದರೆ ಕಲ್ಲಿನ ವಿಷಯದಲ್ಲಿ ಅವನ ಮಾತಿಗೆ ತೂಕವಿತ್ತು. ಕಲ್ಲಿಗೆ ಎಳೆ ಇರುತ್ತದೆ, ಪದರು ಇರುತ್ತದೆ, ಸೀಳು ಇರುತ್ತದೆ. ಈ ಮೂರನ್ನೂ ಬೇರೆ ಬೇರೆ ನೋಡಲು ಬಾರದವನು ಸುತ್ತಿಗೆ ಹಿಡಿಯಬಾರದು ಎನ್ನುತ್ತಿದ್ದ. ಜೇಬಿನಿಂದ ಒಂದೆರಡು ಚೂರು ತೆಗೆದು ಗಂಗಾಳದ ಪಕ್ಕ ಇಡುತ್ತಿದ್ದ.

“ಇದ ಯಾವುದು ಹೇಳು ಮಾದೇವಿ.”

“ಮರಳುಗಲ್ಲು.”

“ಹೆಂಗ ಗೊತ್ತಾತು?”

“ಉಗುರಿಲೆ ಕೆರದ್ರ ಉಸುಕ ಉದರತೈತಿ.”

“ಇದು?”

“ಬೆಣಚಿ. ಕಾಜಿನಂಗ ಹೊಳಿತೈತಿ. ಕಬ್ಬಿಣಕ್ಕೂ ಗೀರ ಬೀಳೂದಿಲ್ಲ.”

“ಶಾಣ್ಯಾಕಿ. ಬೆಣಚಿ ಭಾಳ ಗಟ್ಟಿ ನೋಡು. ಮಷೀನಿನ ದವಡಿ ಸವಿಯೂದು ಇದರಿಂದನ.”

ಅವ್ವ ಒಲೆಯ ಮುಂದಿನಿಂದ, “ಮದ್ಲ ಹೊಟ್ಟಿಗೆ ರೊಟ್ಟಿ ಹಾಕ್ರಿ, ಆಮ್ಯಾಲ ಕಲ್ಲ ತಿನಸೀರಂತ” ಎಂದು ನಗುತ್ತಿದ್ದಳು. ಆಗ ಅವಳು ನಗುತ್ತಿದ್ದಳು. ಇದನ್ನು ನಾನು ಮುಖ್ಯವಾಗಿ ಬರೆದಿಡಬೇಕು, ಯಾಕೆಂದರೆ ಬಹಳ ವರ್ಷ ನಾನದನ್ನು ಮರೆತೇ ಬಿಟ್ಟಿದ್ದೆ.

ಅಪ್ಪನ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಊರಿನ ಚಹಾದಂಗಡಿಯಲ್ಲಿ ನಮ್ಮ ಕೇರಿಯವರಿಗೆ ಬೇರೆ ಕಪ್ಪು ಬಸಿ ಇದ್ದವು, ತಡಿಕೆಯ ಹೊರಗೆ ಒಂದು ಗೂಟಕ್ಕೆ ತೂಗು ಹಾಕಿದ್ದು. ಕುಡಿದ ಮೇಲೆ ನಾವೇ ತೊಳೆದು ಮತ್ತೆ ಅಲ್ಲಿಗೇ ಹಾಕಬೇಕು. ನಾನು ಹುಟ್ಟುವುದಕ್ಕೂ ಮೊದಲು, ಅಪ್ಪ ಇನ್ನೂ ಮದುವೆಯಾಗದವನಿದ್ದಾಗ, ಒಂದು ದಿನ ಆ ಕಪ್ಪನ್ನು ತೆಗೆದುಕೊಂಡು ಎಲ್ಲರೂ ನೋಡುತ್ತಿದ್ದಂತೆ ಕಲ್ಲಿನ ಮೇಲೆ ಒಡೆದು ಬಂದನಂತೆ. ಅದಕ್ಕಾಗಿ ಒಂದು ವಾರ ಕೆಲಸ ಹೋಗಿತ್ತು. ಮಷೀನಿನ ಸಾವಕಾರರಿಗೆ ಅವನಂಥ ಕೈ ಬೇರೆ ಸಿಗದ್ದರಿಂದ ತಿರುಗಿ ಕರೆದರು. ಅಂದಿನಿಂದ ಅಪ್ಪ ಆ ಅಂಗಡಿಯ ಚಹಾ ಮುಟ್ಟಲಿಲ್ಲ. ಬೇರೆ ಪಾತ್ರೆಯಲ್ಲಿ ಉಣ್ಣುವುದೆಂದರೆ ಅವನಿಗೆ ಏನು ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಅಪ್ಪನಿಗೆ ಕೆಮ್ಮು ಹತ್ತಿತು. ಮಷೀನಿನವರಿಗೆ ಕೆಮ್ಮು ಹೊಸದೇನಲ್ಲ. ಅದಕ್ಕೆ ಅವರಲ್ಲಿ ಹೆಸರೂ ಇತ್ತು, ಕಲ್ಲಿನ ಕೆಮ್ಮು. ಮೊದಮೊದಲು ಮುಂಜಾನೆ ಏಳುವಾಗ ಮಾತ್ರ ಬರುತ್ತಿತ್ತು. ಆಮೇಲೆ ಗುಡ್ಡದ ಏರು ಹತ್ತುವಾಗ ಬರತೊಡಗಿತು. ಆಮೇಲೆ ನೀರಿನ ಕೊಡ ಎತ್ತಿ ಹೊಸ್ತಿಲು ದಾಟುವಷ್ಟರಲ್ಲಿ ಅವನು ಬಾಗಿಲ ಚೌಕಟ್ಟು ಹಿಡಿದು ನಿಲ್ಲತೊಡಗಿದ. ಮೈ ಇಳಿಯಿತು. ಬಾಳತ್ತಿ ಆಡುಸೋಗೆ ಸೊಪ್ಪಿನ ಕಷಾಯ ಮಾಡಿದಳು, ಅವ್ವ ಎಲ್ಲಮ್ಮನ ಗುಡ್ಡಕ್ಕೆ ಹರಕೆ ಹೊತ್ತಳು. ಯಾವುದಕ್ಕೂ ಬಗ್ಗದಾಗ ಅಪ್ಪ ಒಂದು ದಿನ ಕೆಲಸ ಬಿಟ್ಟು ಒಬ್ಬ ಖಾಸಗಿ ಡಾಕ್ಟರ ಕಡೆಗೆ ಹೋದ. ಆಗ ಎರಡು ದಿನ ನಾನೂ ಬಾಳತ್ತಿಯೂ ಊರಲ್ಲಿರಲಿಲ್ಲ. ಅತ್ತಿಯ ಗಂಡನ ಕಡೆಯವರಲ್ಲಿ ಒಂದು ಮದುವೆಯಿತ್ತು, ಸಂಪಗಾಂವಕ್ಕೆ ಹೋಗಿದ್ದೆವು. ಹೊಸ ಲಂಗ ಉಟ್ಟುಕೊಂಡು, ಮದುವೆಯಲ್ಲಿ ಕೊಟ್ಟ ಬುಂದಿಯುಂಡಿಯಲ್ಲಿ ಒಂದನ್ನು ಅಪ್ಪನಿಗೆಂದು ಕಾಗದದಲ್ಲಿ ಸುತ್ತಿಕೊಂಡು ಬಸ್ಸಿಳಿದು ಓಡಿ ಬಂದೆ.

ಅಪ್ಪ ಕಟ್ಟೆಯ ಮೇಲಿದ್ದ. ಕಟ್ಟೆಗೆ ಅವನು ಮಲಗುವ ಹೊರಸು ಬಂದಿತ್ತು, ಹೊರಸಿನ ಕೆಳಗೆ ಗಂಗಾಳ, ತಂಬಿಗೆ, ಕಂಬಳಿ. ಮೇಲೆ ಗೋಣಿಚೀಲದ ಮರೆ ಕಟ್ಟಿತ್ತು. ನಾನು ಹತ್ತಿರ ಹೋಗುವಷ್ಟರಲ್ಲಿ ಅವ್ವ ಬಾಗಿಲಿಗೆ ಬಂದು ಎರಡೂ ಕೈ ಅಡ್ಡ ಹಿಡಿದಳು.

“ಅಲ್ಲೇ ನಿಂದ್ರು. ಅಪ್ಪನ ಹತ್ರ ಹೋಗಬ್ಯಾಡ. ಅವಂಗ ಟೀಬಿ ಆಗೇತಿ.”

“ಉಂಡಿ ಕೊಡತೇನಿ.”

“ಒಳಗ ಬಾ ಅಂದ್ನಿ.”

ಅವಳ ದನಿ ನನಗೆ ಗುರುತು ಸಿಗಲಿಲ್ಲ. ಅಪ್ಪ ನನ್ನ ಕಡೆ ನೋಡದೆ ಗುಡ್ಡದ ಕಡೆ ಮುಖ ಮಾಡಿ ಕೂತಿದ್ದ. ಹಿಂದೆ ನಡೆದು ಬಂದ ಬಾಳತ್ತಿ ಅಂಗಳಕ್ಕೆ ಕಾಲಿಟ್ಟವಳೇ ಎಲ್ಲವನ್ನೂ ನೋಡಿ ಗಂಟನ್ನು ನೆಲಕ್ಕೆ ಒಗೆದಳು. ಅಂದು ನಮ್ಮ ಮನೆಯಲ್ಲಿ ಆದಂಥ ಜಗಳವನ್ನು ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

“ಕಪ್ಪ ಬ್ಯಾರೆ ಇಟ್ರ ಒಡದ ಬಂದಾಂವ ನನ್ನ ತಮ್ಮ! ಅವಂಗ ಅವನ ಮನ್ಯಾಗನ ಗಂಗಾಳ ಬ್ಯಾರೆ ಮಾಡಿದೇನ? ಊರಾಗಿನವರು ಮಾಡಿದ್ದ ಸಾಲಲಿಲ್ಲೇನ ನಿನಗ?”

ಅವ್ವ ಒಲೆಯ ಮುಂದೆ ಕೂತು ಊದುಗೊಳವೆಯಿಂದ ಊದುತ್ತಲೇ ಇದ್ದಳು, ಬೆಂಕಿ ಆಗಲೇ ಚೆನ್ನಾಗಿ ಹತ್ತಿತ್ತು. ಅತ್ತಿ ಕಟ್ಟೆಗೆ ಹೋಗಿ ತಮ್ಮನ ಕೈ ಹಿಡಿದು ಒಳಗೆ ಬಾ ಎಂದು ಎಳೆದಳು. ಅಪ್ಪ ಕೈ ಬಿಡಿಸಿಕೊಂಡು, “ಹೋಗಲಿ ಬಿಡಕ್ಕಾ, ಇಲ್ಲಿ ಗಾಳಿ ಛಲೋ ಬರ್ತೈತಿ” ಎಂದ. ಅಷ್ಟೆ. ನಾನು ಪಡಸಾಲೆಯ ಕಂಬದ ಹಿಂದೆ ನಿಂತು ಉಂಡಿ ಹಿಡಿದುಕೊಂಡೇ ಇದ್ದೆ. ಅದು ಬೆವರಿಗೆ ಕರಗಿ ಕಾಗದಕ್ಕೆ ಅಂಟಿತು. ನನಗೆ ಅಂದು ಹನ್ನೆರಡು ವರ್ಷ. ಅಂದೇ ನಾನು ಮನಸ್ಸಿನಲ್ಲಿ ಒಂದು ತೀರ್ಪು ಕೊಟ್ಟೆ. ಅಪ್ಪನನ್ನು ಹೊರಗೆ ಹಾಕಿದವಳು ಅವ್ವ.

ಅವನು ಕಟ್ಟೆಯ ಮೇಲೆ ಎರಡು ಚಳಿಗಾಲ ಎರಡು ಬೇಸಿಗೆ ಇದ್ದ. ಗುಳಿಗೆ ನುಂಗುತ್ತಿದ್ದ, ಉಚ್ಚೆ ಕೆಂಪಗಾಗುತ್ತಿತ್ತು, ಅದನ್ನು ನೋಡಿ ಬಾಳತ್ತಿ ಎದೆ ಬಡಿದುಕೊಳ್ಳುತ್ತಿದ್ದಳು. ಗುಳಿಗೆ ನುಂಗಿದ ಕೇರಿಯ ಬೇರೆಯವರು ಗುಣವಾದರು, ಅಪ್ಪ ಆಗಲಿಲ್ಲ. ಅವ್ವ ಮೂರು ಹೊತ್ತು ರೊಟ್ಟಿ ತಂದು ಕಟ್ಟೆಯ ಅಂಚಿಗಿಟ್ಟು, ಸೆರಗನ್ನು ಮೂಗಿಗೆ ಹಿಡಿದುಕೊಂಡು ಎರಡು ಮಾರು ದೂರ ಕೂತು ಅವನು ಉಂಡು ಮುಗಿಸುವವರೆಗೆ ಕಾಯುತ್ತಿದ್ದಳು. ಅವನ ಗಂಗಾಳವನ್ನು ಬೂದಿ ಹಾಕಿ ತಿಕ್ಕಿ, ಕುದಿಯುವ ನೀರು ಸುರಿದು, ಹೊರಗಿನ ಗೋಡೆಗೇ ಒರಗಿಸಿಡುತ್ತಿದ್ದಳು. ನನಗೆ ಬೇರೆ ತಾಟು ಬಂತು. ಅದರಲ್ಲಿ ಊಟ ಸೇರಲಿಲ್ಲ.

ಪಾಠ ಮಾತ್ರ ನಿಲ್ಲಲಿಲ್ಲ. ನಾನು ಅಂಗಳದ ಬೇವಿನ ಬುಡದಲ್ಲಿ ಕೂರುತ್ತಿದ್ದೆ, ಅವನು ಕಟ್ಟೆಯಿಂದ ಕೇಳುತ್ತಿದ್ದ. ಮಷೀನಿನ ಸಪ್ಪಳ ಕೇಳಿ ಇವತ್ತು ದವಡೆಗೆ ಯಾವ ಕಲ್ಲು ಬಿದ್ದಿದೆ ಹೇಳು ಎನ್ನುತ್ತಿದ್ದ. ಮರಳುಗಲ್ಲಾದರೆ ಕರಕರ, ಬೆಣಚಿಯಾದರೆ ಟಣಟಣ. ಮದ್ದು ತುಂಬಲು ಕೊರೆಯುವ ತೂತಿಗೆ ಸುರಂಗ ಎನ್ನುತ್ತಾರೆ, ಸುರಂಗ ಸಿಡಿದ ಮೇಲೆ ನೂರು ಎಣಿಸುವವರೆಗೆ ಯಾರೂ ಖಣಿಗೆ ಇಳಿಯಬಾರದು ಎಂದೂ ಹೇಳಿಕೊಟ್ಟ. ಮಾತಿನ ನಡುವೆ ನಿಂತು ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ. ಕೊನೆಕೊನೆಗೆ ಒಂದು ಹೆಸರು ಹೇಳಲು ಅವನಿಗೆ ಎರಡು ಉಸಿರು ಬೇಕಾಗುತ್ತಿತ್ತು.

ದಸರೆಯ ದಿನ ನಮ್ಮ ಕಡೆ ಬನ್ನಿ ಕೊಡುತ್ತಾರೆ. ಸಣ್ಣವರು ದೊಡ್ಡವರ ಕೈಗೆ ಬನ್ನಿ ಎಲೆ ಇಟ್ಟು, ಬಂಗಾರದಂಗ ಇರೋಣು ಎಂದು ಕಾಲು ಮುಟ್ಟುತ್ತಾರೆ, ದೊಡ್ಡವರು ತಬ್ಬಿಕೊಳ್ಳುತ್ತಾರೆ. ಆ ವರ್ಷ ನಾನು ಬನ್ನಿ ಹಿಡಿದುಕೊಂಡು ನೇರ ಕಟ್ಟೆಯ ಹತ್ತಿರ ಹೋದೆ. ಅವ್ವ ಹಿತ್ತಿಲಲ್ಲಿದ್ದಳು, ತಡೆಯುವವರು ಯಾರೂ ಇರಲಿಲ್ಲ. ಅಪ್ಪ ಕಣ್ಣು ಮುಚ್ಚಿ ಮಲಗಿದ್ದ. ನಾನು ಅವನ ಪಾದ ಮುಟ್ಟಿದೆ. ಎಷ್ಟು ತಣ್ಣಗಿತ್ತು! ಅವನು ಬೆಚ್ಚಿ ಎದ್ದು, ಪಕ್ಕದ ಕೋಲು ತೆಗೆದುಕೊಂಡು ಕಟ್ಟೆಗೆ ಬಡಿದ.

“ದೂರ ಸರಿ! ಎಷ್ಟ ಸಲ ಹೇಳಬೇಕ ನಿನಗ? ಸರೀ ಅಂದ್ನಿ!”

ನನ್ನ ಮೇಲೆ ಎಂದೂ ದನಿ ಎತ್ತದವನು. ಕೂಗಿದ್ದಕ್ಕೆ ಕೆಮ್ಮು ಬಂದು ಬಾಗಿ ಬಿಟ್ಟ. ನಾನು ಬನ್ನಿಯನ್ನು ಕಟ್ಟೆಯ ಅಂಚಿಗಿಟ್ಟು ಹಿಂದೆ ಸರಿದೆ. ಕೆಮ್ಮು ನಿಂತ ಮೇಲೆ ಅವನು ಅದನ್ನು ಎತ್ತಿಕೊಂಡು ಕಣ್ಣಿಗೊತ್ತಿಕೊಂಡ. “ಬಂಗಾರದಂಗ ಇರವ್ವಾ” ಎಂದ. ಅವ್ವ ಹೀಗೆ ಹೆದರಿಸಿಟ್ಟಿದ್ದಕ್ಕೇ ನಾನು ಹತ್ತಿರ ಬಂದರೆ ಅಪ್ಪ ಹೆದರುತ್ತಾನೆ ಎಂದುಕೊಂಡೆ.

ನಾನು ಹತ್ತನೆಯ ಇಯತ್ತೆಗೆ ಬರುವಷ್ಟರಲ್ಲಿ ಅಪ್ಪ ಹೋದ. ಮಧ್ಯಾಹ್ನದ ಹೊತ್ತು, ನಾನು ಸಾಲೆಯಲ್ಲಿದ್ದೆ. ಕರೆಯಲು ಬಂದವರು ಹೇಳುವ ಮೊದಲೇ ಮಷೀನು ನಿಂತದ್ದು ಕೇಳಿ ನನಗೆ ಗೊತ್ತಾಗಿತ್ತು. ಮಷೀನಿನ ಜನರಲ್ಲಿ ಯಾರಾದರೂ ಸತ್ತರೆ ಮಾತ್ರ ಅದು ಹಾಡುಹಗಲಲ್ಲಿ ನಿಲ್ಲುತ್ತಿತ್ತು. ಕೇರಿಯ ಗಂಡಸರು ಮುಟ್ಟಲು ಹಿಂದೆ ಮುಂದೆ ನೋಡುತ್ತಿದ್ದರು. ಅವ್ವ ಒಬ್ಬಳೇ ಅವನಿಗೆ ನೀರು ಹಾಕಿದಳು, ಮೈ ತಿಕ್ಕಿದಳು, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿವಿಯ ಸಂದಿನ ಧೂಳನ್ನು ಬಟ್ಟೆಯ ತುದಿಯಿಂದ ತೆಗೆದಳು. ಆಗ ಅವಳ ಮೂಗಿನ ಮೇಲೆ ಸೆರಗು ಇರಲಿಲ್ಲ. ಅದನ್ನು ನೋಡಿಯೂ ನನ್ನ ಮನಸ್ಸು ಕರಗಲಿಲ್ಲ. ಈಗ ಮುಟ್ಟಿದರೆ ಏನು ಬಂತು ಎನಿಸಿತು.

ಮುಂದೆ ನಾನು ಧಾರವಾಡಕ್ಕೆ ಓದಲು ಹೋದೆ. ಸಾವಕಾರರು ಒಂದು ಹಾಸ್ಟೆಲಿಗೆ ಚೀಟಿ ಕೊಟ್ಟರು, ಅವ್ವ ಬುಟ್ಟಿ ಹೊತ್ತು ಉಳಿದದ್ದನ್ನು ನೋಡಿಕೊಂಡಳು. ಕಾಲೇಜಿನಲ್ಲಿ ಭೂವಿಜ್ಞಾನ ತೆಗೆದುಕೊಂಡೆ. ಮೊದಲ ವರ್ಷ ಇಂಗ್ಲಿಷಿನಲ್ಲಿ ನಡೆಯುವ ಪಾಠ ತಲೆಯ ಮೇಲೆ ಹಾದು ಹೋಗುತ್ತಿತ್ತು. ಒಂದು ದಿನ ಖನಿಜಗಳ ತರಗತಿಯಲ್ಲಿ ಮೇಡಂ ಒಂದು ಬಿಳಿ ಹರಳು ಕೊಟ್ಟು ಕ್ಲೀವೇಜ್ ಎಂದರೇನು ಎಂದು ಕೇಳಿದರು. ಯಾರೂ ಹೇಳಲಿಲ್ಲ. ನಾನು ಎದ್ದು, “ಸೀಳ ರೀ ಮೇಡಂ. ಪೆಟ್ಟ ಬಿದ್ರ ಕಲ್ಲ ತನ್ನ ದಾರಿ ಹಿಡದ ಒಡಿತೈತಿ, ಆ ದಾರಿ” ಎಂದೆ. ಕೆಲವರು ನಕ್ಕರು. ಮೇಡಂ ನಗಲಿಲ್ಲ. ಯಾರು ಹೇಳಿಕೊಟ್ಟರು ಎಂದು ಕೇಳಿದರು. ನಮ್ಮಪ್ಪ ಎಂದೆ. ಹರಳಿನ ಹೊಳಪಿಗೆ, ಗಟ್ಟಿತನಕ್ಕೆ, ಸೀಳಿಗೆ ಪುಸ್ತಕದಲ್ಲಿದ್ದ ದೊಡ್ಡ ದೊಡ್ಡ ಹೆಸರುಗಳ ಹಿಂದೆಲ್ಲ ಗಂಗಾಳದ ಪಕ್ಕ ಕೇಳಿದ ಮಾತುಗಳೇ ಕೂತಿದ್ದವು. ನಾನು ಆ ವರ್ಷ ತರಗತಿಗೆ ಮೊದಲಿಗಳಾಗಿ ಬಂದೆ.

ಅದೇ ಮೇಡಂ ಒಂದು ದಿನ ನಮ್ಮನ್ನೆಲ್ಲ ಒಂದು ಖಣಿ ನೋಡಲು ಕರೆದುಕೊಂಡು ಹೋದರು. ಜಾಳಿಗೆಯ ಕೆಳಗೆ ಡಸ್ಟಿನ ರಾಶಿಯ ಮುಂದೆ ನಿಂತು, ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳಿರಿ ಎಂದರು. ಬೆಣಚುಕಲ್ಲು ಎಂದರೆ ಸಿಲಿಕಾ. ಅದು ನುರಿದಾಗ ಕಣ್ಣಿಗೆ ಕಾಣದಂಥ ಪುಡಿ ಏಳುತ್ತದೆ, ಅದು ಪುಪ್ಪುಸದಲ್ಲಿ ಕೂತು ಗಾಯ ಮಾಡುತ್ತದೆ, ಗಾಯ ಮಾಯದು. ಅದಕ್ಕೆ ಸಿಲಿಕೋಸಿಸ್ ಎನ್ನುತ್ತಾರೆ. ನೋಡಲು ಟೀಬಿಯ ಹಾಗೇ ಇರುತ್ತದೆ, ಎಷ್ಟೋ ಸಲ ಡಾಕ್ಟರರೂ ಟೀಬಿ ಎಂದೇ ತಿಳಿಯುತ್ತಾರೆ. ಒಂದೇ ವ್ಯತ್ಯಾಸವೆಂದರೆ, ಎಂದು ಅವರು ಹೇಳಿದ್ದು ಈಗಲೂ ನನ್ನ ಕಿವಿಯಲ್ಲಿದೆ.

“ಇದು ಒಬ್ಬರಿಂದ ಒಬ್ಬರಿಗೆ ಹತ್ತೂದಿಲ್ಲ.”

ನಾನು ಅಲ್ಲೇ ಖಡಿಯ ರಾಶಿಯ ಮೇಲೆ ಕೂತೆ. ಬಿಸಿಲಿಗೆ ತಲೆ ಸುತ್ತಿರಬೇಕೆಂದು ಗೆಳತಿಯರು ನೀರು ಕೊಟ್ಟರು. ಅಪ್ಪನಿಗೆ ಟೀಬಿಯೂ ಇತ್ತೋ ಇಲ್ಲವೋ ಈಗ ಯಾರು ಹೇಳಬೇಕು? ಆದರೆ ಗುಳಿಗೆಗೆ ಬಗ್ಗದ ಆ ಕೆಮ್ಮು, ನಾಲ್ಕು ಹೆಜ್ಜೆಗೆ ನಿಲ್ಲುತ್ತಿದ್ದ ಆ ಉಸಿರು, ಅವನ ಜೋಡಿ ದುಡಿದ ಇಬ್ಬರು ಮೂವರು ಅದೇ ರೀತಿ ಹೋದದ್ದು, ಎಲ್ಲವೂ ಒಂದೊಂದಾಗಿ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ಎರಡು ವರ್ಷ ನಾನು ಬೇವಿನ ಬುಡದಲ್ಲಿ ಕೂತದ್ದಕ್ಕೆ ಕಾರಣವೇ ಇರಲಿಲ್ಲ. ಅವನ ಪಕ್ಕದಲ್ಲೇ ಕೂರಬಹುದಾಗಿತ್ತು.

ಆ ಶನಿವಾರವೇ ಬಸ್ಸು ಹತ್ತಿ ಊರಿಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಚೀಲವನ್ನು ಕೆಳಗಿಡದೆಯೇ ಹೇಳಿದೆ.

“ಅಪ್ಪಗ ಟೀಬಿ ಇರಲಿಲ್ಲ. ಡಸ್ಟಿಂದ ಆಗಿದ್ದು. ಅದು ಯಾರಿಗೂ ಹತ್ತೂದಲ್ಲ. ನೀ ಅವನ್ನ ಸುಮ್ಮಸುಮ್ನ ನಾಯಿ ಹಂಗ ಹೊರಗ ಹಾಕಿದಿ.”

ಅವ್ವನ ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತು.

“ಹತ್ತೂದಲ್ಲ ಅಂತ ನಿಮ್ಮ ಪುಸ್ತಕದಾಗ ಬರದಾರೇನು?”

“ಹೌದು.”

“ಖರೇನ?”

“ಖರೇನ. ಈಗ ಕೇಳಿ ಏನ ಮಾಡತಿ?”

ಹಂಚಿನ ಮೇಲಿದ್ದ ರೊಟ್ಟಿ ಸೀದು ಹೊಗೆಯಾಡುತ್ತಿತ್ತು. ಅವ್ವ ಅದನ್ನು ಬರಿಗೈಯಿಂದ ತೆಗೆದು ಪಕ್ಕಕ್ಕಿಟ್ಟಳು. ಮತ್ತೆ ಹಿಟ್ಟು ನಾದತೊಡಗಿದಳು. ಬಾಳತ್ತಿ ಮಾತ್ರ ಗೋಡೆಗೆ ತಲೆ ಚಚ್ಚಿಕೊಂಡು ಅತ್ತಳು, ನೋಡಿದೇನ ನಾ ಅಂದಿದ್ದ ಎಂದು. ಅವ್ವ ಅಳಲಿಲ್ಲ, ಬೈಯಲಿಲ್ಲ, ತನ್ನ ಪರವಾಗಿ ಒಂದು ಶಬ್ದ ಆಡಲಿಲ್ಲ. ಅವಳಲ್ಲಿ ಹೃದಯವೇ ಇಲ್ಲ ಎಂದುಕೊಂಡು ನಾನು ಮರುದಿನ ಮೊದಲ ಬಸ್ಸಿಗೇ ತಿರುಗಿ ಹೋದೆ.

ಆಮೇಲಿನ ವರ್ಷಗಳನ್ನು ಬೇಗ ಹೇಳಿ ಮುಗಿಸಬಹುದು. ಓದು ಮುಗಿಯಿತು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನೌಕರಿ ಸಿಕ್ಕಿತು, ಮದುವೆಯಾಯಿತು, ಬೈಲಹೊಂಗಲದಲ್ಲಿ ಮನೆ ಮಾಡಿದೆವು. ಬಾಳತ್ತಿ ತೀರಿಕೊಂಡ ಮೇಲೆ ಅವ್ವನನ್ನು ನಮ್ಮಲ್ಲಿಗೆ ಕರೆತಂದೆ. ಅವಳಿಗೆ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಸೀರೆ, ಔಷಧ, ಹಾಲು, ಎಲ್ಲ ಹೊತ್ತು ಹೊತ್ತಿಗೆ. ಆದರೆ ಅವಳ ಮಗ್ಗುಲಿಗೆ ಹೋಗಿ ನಾನು ಸುಮ್ಮನೆ ಕೂತದ್ದಿಲ್ಲ. ಅವಳು ನನ್ನ ಗಂಡನ ಜೊತೆ ಮಾತಾಡುತ್ತಿದ್ದಳು, ನನ್ನ ಮಗಳ ತಲೆ ಬಾಚುತ್ತಿದ್ದಳು. ನಾನು ಬಂದರೆ ಸುಮ್ಮನಾಗುತ್ತಿದ್ದಳು. ಹೀಗೇ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದವು. ಮನೆಗೆ ಬಂದ ಜನ ನಮ್ಮನ್ನು ನೋಡಿ, ತಾಯಿಯನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾಳೆ ಎನ್ನುತ್ತಿದ್ದರು.

ಹೋದ ವರ್ಷ ಅವ್ವನಿಗೂ ಉಸಿರಿನ ತೊಂದರೆ ಹೆಚ್ಚಾಯಿತು. ಬೆಳಗಾವಿಯಲ್ಲಿ ತೋರಿಸಿದೆವು. ಎದೆಯ ಫೋಟೋ ನೋಡಿದ ಡಾಕ್ಟರಮ್ಮ, “ಅಜ್ಜಿ, ನೀವು ಕಲ್ಲಿನ ಕೆಲಸ ಮಾಡಿದ್ರೇನ್ರಿ?” ಎಂದು ಕೇಳಿದಳು. ಖಡಿ ಹೊರತಿದ್ನಿ ಎಂದಳು ಅವ್ವ. ಡಾಕ್ಟರಮ್ಮ ನನ್ನ ಕಡೆ ತಿರುಗಿ ಆ ಶಬ್ದ ಹೇಳಿದಳು. ನಾನು ವರ್ಷ ವರ್ಷ ಮಕ್ಕಳಿಗೆ ಕಲಿಸುತ್ತಿದ್ದ ಶಬ್ದ. ನಾನು ತಲೆಯಾಡಿಸಿ ಔಷಧದ ಚೀಟಿ ತೆಗೆದುಕೊಂಡೆ.

ಮರುದಿನ ಭಾನುವಾರ. ಮಧ್ಯಾಹ್ನ ಊಟಕ್ಕೆ ಕರೆದರೆ ಅವ್ವ ತನ್ನ ತಾಟು ತೆಗೆದುಕೊಂಡು ಹಿತ್ತಿಲ ಬಾಗಿಲ ಹತ್ತಿರ ಹೋಗಿ ಕೂತಳು. ಯಾಕೆ ಎಂದರೆ, ಹೆರಿಗೆಗೆಂದು ಬಂದ ಬಸುರಿ ಮೊಮ್ಮಗಳು ಮನೆಯಲ್ಲಿದ್ದಾಳೆ ಎಂದಳು. ನನಗೆ ಸಿಟ್ಟು ಬಂತು.

“ಇದು ಹತ್ತೂದಲ್ಲವ್ವಾ. ಎಷ್ಟ ಸಲ ಹೇಳಬೇಕ ನಿನಗ? ಅವತ್ತ ಹೇಳೇನಿ, ಇವತ್ತೂ ಹೇಳತೇನಿ. ಹತ್ತೂದಲ್ಲ.”

“ನಿಮ್ಮಪ್ಪನೂ ಹಂಗಽ ಅಂದಿದ್ದ.”

ನಾನು ಸಾರಿನ ಪಾತ್ರೆ ಹಿಡಿದು ನಿಂತಿದ್ದೆ. ಏನೆಂದೆ ಎಂದು ಕೇಳಿದೆ. ಅವ್ವ ತಾಟಿನಲ್ಲಿ ಬೆರಳಾಡಿಸುತ್ತ, ಉಸಿರು ನಿಲ್ಲಿಸಿ ನಿಲ್ಲಿಸಿ ಹೇಳಿದಳು.

“ಡಾಕ್ಟರ ಕಡಿಂದ ಬಂದ ದಿನ ಹೊಸ್ತಲಾ ದಾಟಲಿಲ್ಲ ಅಂವ. ಅಂಗಳದಾಗ ನಿಂತ. ‘ಸತ್ಯವ್ವಾ, ಇದು ಟೀಬಿ ಅಲ್ಲ ಅನಸ್ತೈತಿ ನನಗ. ಕಲ್ಲಿಂದಿದು. ನನ್ನ ಜೋಡಿ ಮಾಡಾವ್ರಿಗೆ ಆಗೇತಿ, ಅವರ ಹೆಂಡ್ರು ಮಕ್ಕಳಿಗೆ ಆಗಿಲ್ಲ. ಆದ್ರ ಡಾಕ್ಟರ ಓದಿದಾಂವ. ಅಂವ ಹೇಳಿದ್ದ ಖರೇ ಇದ್ರ? ಮಾದೇವಿ ನನ್ನ ಗಂಗಾಳದಾಗ ಉಣ್ತಾಳ’ ಅಂದ. ಅಂಗಳದಾಗಿದ್ದ ಹೊರಸ ತಾನ ಎತ್ತಿ ಕಟ್ಟಿ ಮ್ಯಾಲ ಹಾಕ್ಕೊಂಡ. ನಾ ಕಾಲ ಹಿಡದ್ನಿ. ಕೇಳಲಿಲ್ಲ ಅಂವ.”

“ಮತ್ತ ನೀ ಯಾಕ... ಬಾಗಲದಾಗ ನೀ ಯಾಕ ಅಡ್ಡ ನಿಂತಿ?”

“ಅಂವನ ಹೇಳಿದ್ದ. ‘ನಾನ ಹೊರಗ ಬಂದೇನಿ ಅಂತ ಹೇಳಬ್ಯಾಡ. ಹೇಳಿದ್ರ ಕೂಸು ಬಂದು ಕಾಲಾಗ ಬೀಳ್ತೈತಿ, ಒಳಗ ಬಾ ಅಂತೈತಿ, ನನಗ ತಡಿಯಾಕ ಆಗೂದಿಲ್ಲ. ನೀನ ಹೊರಗ ಹಾಕಿದಿ ಅಂತ ಹೇಳು’ ಅಂದ. ನನ್ನ ಕಡಿಂದ ಆಣಿ ಮಾಡಿಸಿಕೊಂಡ.”

“ಅಪ್ಪ ಹೋದ ಮ್ಯಾಲರ ಹೇಳಬೇಕಿತ್ತಲ್ಲವ್ವಾ. ನಾ ಧಾರವಾಡದಿಂದ ಬಂದು ಅಷ್ಟ ಅಂದ್ನೆಲ್ಲ, ಅವತ್ತರ ಹೇಳಬೇಕಿತ್ತಲ್ಲ.”

ಅವ್ವ ಆಗ ತಲೆಯೆತ್ತಿ ನನ್ನನ್ನು ನೋಡಿದಳು. ಎಷ್ಟು ವರ್ಷದ ಮೇಲೆ ನಾವು ಹಾಗೆ ನೇರವಾಗಿ ನೋಡಿಕೊಂಡೆವೋ.

“ಅವತ್ತ ನಿನಗ ಯಾರ ಮ್ಯಾಲರ ಸಿಟ್ಟ ಬೇಕಾಗಿತ್ತು. ಸುಮ್ನ ಹೊರಗ ಹೋಗಿ ಕುಂತ ಅಂತ ಅಂವನ ಮ್ಯಾಲ ಬಂದ್ರ? ಅಂವ ಸತ್ತಾಂವ, ಏನ ಉತ್ತರ ಕೊಟ್ಟಾನು? ನಾ ಜೀವಂತ ಇದ್ನಿ. ನಾ ತಡಕೊಂಡ್ನಿ.” ತಾಟು ಮುಂದೆ ಸರಿಸಿ, “ಸಾರ ಆರತೈತಿ, ಹಾಕು” ಎಂದಳು.

ನಾನು ಸಾರು ಹಾಕಿದೆ. ಅವಳ ಪಕ್ಕದಲ್ಲಿ ನೆಲಕ್ಕೆ ಕೂತೆ. ನಮ್ಮಂಥ ಮನೆಗಳಲ್ಲಿ ತಾಯಿಯ ಮುಂದೆ ತಪ್ಪೊಪ್ಪಿಕೊಳ್ಳುವ ರೂಢಿ ಇಲ್ಲ. ಅದಕ್ಕೆ ಯಾವ ಮಾತಿನಿಂದ ಶುರು ಮಾಡಬೇಕೆಂದೇ ನನಗೆ ಗೊತ್ತಿರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ಮರುದಿನ ಚಹಾ ಕೊಡುವಾಗ ಹೇಳಬೇಕೆಂದು ಹೋದೆ, ಅವಳು ಮೊಮ್ಮಗಳ ಜೊತೆ ನಗುತ್ತಿದ್ದಳು, ಸುಮ್ಮನೆ ಚಹಾ ಇಟ್ಟು ಸಾಲೆಗೆ ಹೋದೆ. ಅದರ ಮರುದಿನ ಪರೀಕ್ಷೆಯ ಕೆಲಸ. ಒಂದು ದಿನ ಅವಳ ಕಾಲಿಗೆ ಎಣ್ಣೆ ಹಚ್ಚಿದೆ. ಹಚ್ಚುತ್ತ ಹಚ್ಚುತ್ತ ಗಂಟಲವರೆಗೆ ಬಂತು. “ಸಾಕು ಬಿಡು, ನಿನಗ ಹೊತ್ತಾಗತೈತಿ” ಎಂದು ಅವಳೇ ಕಾಲು ಎಳೆದುಕೊಂಡಳು. ಹೀಗೆ ಮೂರು ವಾರ ದಿನಾ ಮುಂಜಾನೆ ಹೇಳಬೇಕೆಂದುಕೊಂಡೆ, ದಿನಾ ಮುಂಜಾನೆ ಚಹಾ ಕೊಟ್ಟು ಬಾಗಿಲು ದಾಟಿದೆ.

ಒಂದು ಮಂಗಳವಾರ ಮೂರನೆಯ ಪಿರಿಯಡ್ಡಿನ ನಡುವೆ ಗಂಡನ ಫೋನು ಬಂತು. ನಾನು ಮನೆ ಮುಟ್ಟುವಷ್ಟರಲ್ಲಿ ಅವ್ವ ಹೋಗಿದ್ದಳು, ನಮ್ಮ ಕಡೆಯ ರೂಢಿಯಂತೆ ಅವಳನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಓಣಿಯ ಹೆಂಗಸರು ಸುತ್ತ ಕೂತಿದ್ದರು. ನಾನು ಅವಳ ಎರಡೂ ಪಾದ ಹಿಡಿದು, ಮೂರು ವಾರದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಹೇಳಿದೆ. “ತಪ್ಪಾತವ್ವಾ, ನಂದ ತಪ್ಪಾತು” ಎಂದೆ. ಮತ್ತೆ ಮತ್ತೆ ಎಂದೆ. ಸತ್ತವರ ಮುಂದೆ ಅಳುವಾಗ ಎಲ್ಲ ಮಕ್ಕಳೂ ಹಾಗೇ ಅನ್ನುತ್ತಾರೆ ಎಂದುಕೊಂಡು, ಏನು ತಪ್ಪು ಎಂದು ಅಲ್ಲಿ ಯಾರೂ ಕೇಳಲಿಲ್ಲ.